ಮೂಳೆ ಇರಬಾರದ ಜಾಗ

ಅವ್ವನಿಗೆ ಉಸಿರು ಸಾಲದಾಗಿದೆ ಎಂಬುದು ನಮಗೆ ಮೊದಲು ಗೊತ್ತಾದದ್ದು ಅವಳ ಮಾತಿನಿಂದ. ಬೇರೆಯವರಾಗಿದ್ದರೆ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತಿತ್ತೇನೋ. ಅವ್ವ ಮಾತಿನವಳು. ದಿಲ್‌ಸುಖ್‌ನಗರದಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಕಾಯಿಪಲ್ಲೆ ಕೊಳ್ಳಲು ಹೋದರೆ ಅರ್ಧ ಚೀಲ ಬದನೆಕಾಯಿಯ ಜೊತೆಗೆ ಒಂದು ತಾಸಿನ ಕಥೆ ತರುತ್ತಿದ್ದಳು. ಟೊಮೆಟೊ ಮಾರುವವಳ ತೆಲುಗು, ಅವಳೊಡನೆ ಚೌಕಾಸಿಗೆ ನಿಂತ ಮುದುಕನ ಹೈದರಾಬಾದಿ ಹಿಂದಿ, ನಡುವೆ ಬಾಯಿ ಹಾಕಿದ ಪೊಲೀಸನ ಗದರಿಕೆ, ಎಲ್ಲವನ್ನೂ ಅವರವರ ದನಿಯಲ್ಲೇ ಹೇಳಬೇಕು ಅವಳಿಗೆ. ಅಂಥ ಒಂದು ಕಥೆ ಹೇಳುತ್ತ ನಡುಮನೆಯಲ್ಲಿ ನಿಂತಿದ್ದವಳು ಇದ್ದಕ್ಕಿದ್ದಂತೆ ಎದೆಯ ಬಲಗಡೆ ಕೈಯಿಟ್ಟುಕೊಂಡು, ಉಳಿದದ್ದು ಆಮೇಲೆ ಹೇಳುತ್ತೇನೆ ಎಂದು ಕೂತುಬಿಟ್ಟಳು. ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದೆ. ಕಥೆಯನ್ನು ನಡುವೆ ಬಿಟ್ಟವಳೇ ಅಲ್ಲ ಆಕೆ. ಅಂದಿನ ಆ ಕಥೆಯ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಯಲ್ಲಿ ನಾವು ಮೂವರೇ. ಅಪ್ಪ, ಅವ್ವ, ನಾನು. ನಾನು ಒಬ್ಬಳೇ ಮಗಳು; ಮದುವೆ ಬೇಡವೆಂದವಳು; ಹತ್ತಿರದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಪ್ಪ ಅವ್ವ ರಾಯಚೂರು ಕಡೆಯವರು. ಮದುವೆಯಾದ ವರ್ಷವೇ ಹೈದರಾಬಾದಿಗೆ ಬಂದವರು. ಊರ ಹೊರಗೆ ಆಗ ಇದ್ದ ಸಿಮೆಂಟು ಶೀಟಿನ ಕಾರ್ಖಾನೆಯೊಂದರಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತ್ತು. ಮನೆಗಳ ಮೇಲೆ ಹೊದಿಸುವ ಬೂದು ಬಣ್ಣದ ಅಲೆಅಲೆ ಶೀಟುಗಳು. ಅವುಗಳ ಅಂಚು ಕೊಯ್ದು ನೇರ ಮಾಡುವುದು ಅಪ್ಪನ ಕೆಲಸ. ನನಗೆ ಹನ್ನೊಂದೋ ಹನ್ನೆರಡೋ ಇದ್ದಾಗ ಆ ಕಾರ್ಖಾನೆ ಮುಚ್ಚಿತು. ನಾವು ಕಾಚಿಗೂಡಕ್ಕೆ ಬಂದೆವು. ಅಪ್ಪ ಅಲ್ಲಿ ಒಂದು ಬಟ್ಟೆ ಅಂಗಡಿಯ ಗೋದಾಮು ನೋಡಿಕೊಂಡ; ಅವ್ವ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಮನೆಗಳಿಗೆ ಕೊಡುತ್ತಿದ್ದಳು; ನಾನು ಅಲ್ಲಿಯೇ ಕನ್ನಡ ಶಾಲೆಗೆ ಹೋದೆ. ದಿಲ್‌ಸುಖ್‌ನಗರದ ಮನೆಗೆ ಬಂದದ್ದು ನನಗೆ ಕೆಲಸ ಸಿಕ್ಕ ಮೇಲೆ. ಅಪ್ಪ ಮಾತು ಕಡಿಮೆಯ ಮನುಷ್ಯ. ಬಂದವರಿಗೆ ಕುಳಿತುಕೊಳ್ಳಿ ಎನ್ನುವುದನ್ನೂ ಅವ್ವನೇ ಹೇಳಬೇಕು. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ನಮ್ಮ ಓಣಿಯ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಎದೆಯ ಬಲಭಾಗದಲ್ಲಿ ಕೆಳಗಿನಿಂದ ಅರ್ಧದವರೆಗೆ ಬರೀ ಬೆಳ್ಳಗಿತ್ತು. ನೀರು ತುಂಬಿದೆ ಎಂದರು. ಸೂಜಿ ಹಾಕಿ ತೆಗೆದಾಗ ಬಾಟಲಿಗೆ ಇಳಿದದ್ದು ಹಾಲಿಲ್ಲದ ಚಹಾದ ಬಣ್ಣದ ನೀರು. ನಮ್ಮ ಕಡೆ ಎದೆಯಲ್ಲಿ ನೀರು ಎಂದರೆ ಹತ್ತರಲ್ಲಿ ಒಂಬತ್ತು ಜನ ಟಿ.ಬಿ. ಎಂದೇ ಯೋಚಿಸುತ್ತಾರೆ. ಡಾಕ್ಟರೂ ಹಾಗೇ ಯೋಚಿಸಿದರು. ಅವರನ್ನು ನಾನು ದೂರುವುದಿಲ್ಲ. ಗುಳಿಗೆ ಶುರುವಾದವು. ಅವ್ವ ಒಂದೂ ತಪ್ಪಿಸದೆ ನುಂಗಿದಳು. ಗುಳಿಗೆಯಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದ್ದನ್ನೂ ಕೆಳಗಿನ ಮನೆಯ ಹೆಂಗಸಿಗೆ ಕಥೆಯಾಗಿ ಹೇಳಿ ನಗಿಸಿದಳು. ಆದರೆ ನೀರು ಮತ್ತೆ ತುಂಬಿತು. ತೆಗೆಸಿದರೆ ಮತ್ತೆ ತುಂಬಿತು. ಬಲಗಡೆಯ ಬೆನ್ನಿನಲ್ಲಿ ಒಂದು ನೋವು ಬಂದು ಕೂತಿತು. ರವಿಕೆಗಳು ಸಡಿಲವಾದವು. ರೊಟ್ಟಿ ಬಡಿಯುವಾಗ ಎರಡು ರೊಟ್ಟಿಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಕೊನೆಗೆ ಆ ಡಾಕ್ಟರೇ, ಇದು ನನಗೆ ತಿಳಿಯುವ ಜಡ್ಡಲ್ಲ, ಗಚ್ಚಿಬೌಲಿ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಹೇಳಿದರು.

ಅಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದರು. ಆಮೇಲೆ, ಮೂಳೆಗಳನ್ನು ನೋಡಬೇಕೆಂದು ರಕ್ತನಾಳಕ್ಕೆ ಏನೋ ಔಷಧ ಕೊಟ್ಟು ಇನ್ನೊಂದು ಸ್ಕ್ಯಾನ್ ಮಾಡಿದರು. ಫಲಿತಾಂಶಕ್ಕೆ ಕಾಯುತ್ತ ನಾವು ಮೂವರೂ ಹೊರಗಿನ ಸ್ಟೀಲಿನ ಕುರ್ಚಿಗಳ ಮೇಲೆ ಕೂತಿದ್ದೆವು. ಅಂಥ ಕಡೆ ಸಾಮಾನ್ಯವಾಗಿ ಕಿಟಕಿಯಿಂದ ಒಂದು ಲಕೋಟೆ ಹೊರಗೆ ಬರುತ್ತದೆ, ಅದನ್ನು ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಬೇಕು. ಅಂದು ಲಕೋಟೆ ಬರಲಿಲ್ಲ. ಒಳಗಿನ ಕತ್ತಲೆ ಕೋಣೆಯಿಂದ ಚಿತ್ರಗಳನ್ನು ಓದುವ ಡಾಕ್ಟರೇ ಎದ್ದು ಬಂದರು. ಐವತ್ತರ ಆಸುಪಾಸಿನ ಹೆಂಗಸು, ತಲೆಗೂದಲು ನೆರೆತದ್ದನ್ನು ಹಾಗೇ ಬಿಟ್ಟವರು. ಅವ್ವನ ಹೆಸರು ಕೂಗಿ, ಮೂವರನ್ನೂ ಒಳಗೆ ಕರೆದರು. ಕುರ್ಚಿ ಹಾಕಿಸಿ ಅವ್ವನನ್ನು ಕೂರಿಸಿದರು. ಒಳ್ಳೆಯ ಸುದ್ದಿಗೆ ಯಾರೂ ಹಾಗೆ ಎದ್ದು ಬರುವುದಿಲ್ಲ.

ಅವರು ತೆಲುಗಿನಲ್ಲಿ ಮಾತಾಡಿದರು, ನಿಧಾನವಾಗಿ. ಪರದೆಯ ಮೇಲೆ ಅವ್ವನ ಎದೆ ಅಡ್ಡಡ್ಡ ಹೋಳುಗಳಾಗಿ ಕಾಣುತ್ತಿತ್ತು. ಶ್ವಾಸಕೋಶದ ಮೇಲೆ ಒಂದು ತೆಳು ಪೊರೆ ಇರುತ್ತದೆ, ಕಣ್ಣಿಗೆ ಕಾಣದಷ್ಟು ತೆಳು ಎಂದರು. ಅವ್ವನ ಬಲಗಡೆ ಆ ಪೊರೆ ದಪ್ಪಗೆ, ಗಂಟುಗಂಟಾಗಿ, ಶ್ವಾಸಕೋಶವನ್ನು ಸುತ್ತಲೂ ಹಿಡಿದು ಬಿಗಿದಿತ್ತು. ಇಷ್ಟು ನೀರು ತುಂಬಿದ್ದರೆ ಅದು ಹೃದಯವನ್ನು ಆಚೆ ಬದಿಗೆ ತಳ್ಳಬೇಕು. ಇಲ್ಲಿ ಹೃದಯ ಆಚೆ ಸರಿದಿಲ್ಲ, ಬದಲಿಗೆ ಜಡ್ಡಿನ ಕಡೆಗೇ ಎಳೆದುಕೊಂಡಿದೆ ಎಂದು ಬೆರಳಿಟ್ಟು ತೋರಿಸಿದರು. ನಂತರ ಇನ್ನೊಂದು ಚಿತ್ರ ತೆರೆದರು. ಅದರಲ್ಲಿ ಅವ್ವನ ಅಸ್ಥಿಪಂಜರ ಮಾತ್ರ ಇತ್ತು, ಬೆಳ್ಳಗಿನ ಹಿನ್ನೆಲೆಯಲ್ಲಿ ಕಪ್ಪು ಗೆರೆಗಳಾಗಿ. ಬಲಗಡೆ ಪಕ್ಕೆಲುಬುಗಳ ನಡುವೆ ಒಂದು ಕಪ್ಪು ಮೋಡ. ಮೊದಲು ಇದನ್ನು ನೋಡಿದ ಜೊತೆಯ ಡಾಕ್ಟರು ಜಡ್ಡು ಪಕ್ಕೆಲುಬುಗಳಿಗೆ ಹಬ್ಬಿದೆ ಎಂದುಕೊಂಡರಂತೆ. ಎರಡೂ ಚಿತ್ರಗಳನ್ನು ಜೋಡಿಸಿ ನೋಡಿದಾಗ ಪಕ್ಕೆಲುಬುಗಳು ಚೆನ್ನಾಗಿಯೇ ಇದ್ದವು. ಆ ದಪ್ಪಗಾದ ಪೊರೆಯೇ ತನ್ನೊಳಗೆ ಮೂಳೆಯಂಥದ್ದನ್ನು ಬೆಳೆಸಿಕೊಳ್ಳುತ್ತಿತ್ತು. ಮೂಳೆ ಇರಬಾರದ ಜಾಗದಲ್ಲಿ ಮೂಳೆ. ಇಷ್ಟು ವರ್ಷದಲ್ಲಿ ಇಂಥದ್ದನ್ನು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ ಎಂದು ಅವರು ಹೇಳಿದರು. ಹೇಳಿದ ಮೇಲೆ, ಹೇಳಬಾರದಿತ್ತು ಎನ್ನುವಂತೆ ಅವ್ವನ ಭುಜದ ಮೇಲೆ ಕೈಯಿಟ್ಟರು.

ಅವ್ವ ಪರದೆಯನ್ನೇ ನೋಡುತ್ತಿದ್ದಳು. "ಇದು ನಾನೇನ್ರಿ?" ಎಂದು ಕನ್ನಡದಲ್ಲಿಯೇ ಕೇಳಿದಳು. ನಾನು ಹೌದೆಂದೆ.

ಡಾಕ್ಟರು ಅವ್ವನ ಎದೆಯ ಎಡಗಡೆಗೆ, ಜಡ್ಡಿಲ್ಲದ ಭಾಗಕ್ಕೆ ಹೋದರು. ಅಲ್ಲಿ ಶ್ವಾಸಕೋಶದ ಕೆಳಗೆ, ಎದೆಗೂ ಹೊಟ್ಟೆಗೂ ನಡುವಿನ ವಪೆಯ ಮೇಲೆ, ಒಣಗಿದ ಎಲೆಯ ಚೂರಿನಂಥ ಬಿಳಿ ಪದರುಗಳಿದ್ದವು. ಅವರು ಎದ್ದು ಬಂದದ್ದು ಅದಕ್ಕಾಗಿ. ಇವು ಬಹಳ ಹಳೆಯವು, ಮೂವತ್ತು ನಲವತ್ತು ವರ್ಷಗಳ ಹಿಂದೆ ಒಳಗೆ ಹೋದ ಒಂದು ಬಗೆಯ ಧೂಳಿನ ಗುರುತು ಎಂದರು. ಅಮ್ಮ ಯಾವುದಾದರೂ ಗಣಿಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರೇ ಎಂದು ಕೇಳಿದರು.

ಅಪ್ಪ ಅಲ್ಲಿಯವರೆಗೆ ಬಾಗಿಲ ಹತ್ತಿರ ನಿಂತಿದ್ದ. ಒಂದು ಹೆಜ್ಜೆ ಮುಂದೆ ಬಂದ.

"ಆಕಿ ಮಾಡಿಲ್ಲರಿ. ನಾ ಮಾಡೀನಿ. ಶೀಟಿನ ಫ್ಯಾಕ್ಟರಿಯಾಗ," ಎಂದ. ಮತ್ತೆ ಅದನ್ನೇ ತೆಲುಗಿನಲ್ಲಿ ಹೇಳಿದ.

ಡಾಕ್ಟರು ಅಪ್ಪನ ಕಡೆ ತಿರುಗಿದರು. ಆಮೇಲೆ ಬಹಳ ಮೆಲ್ಲಗೆ, ನಿಮ್ಮ ಕೆಲಸದ ಬಟ್ಟೆಗಳನ್ನು ಆಗ ಯಾರು ಒಗೆಯುತ್ತಿದ್ದರು ಎಂದು ಕೇಳಿದರು.

ಆ ಪ್ರಶ್ನೆ ಎತ್ತ ಹೋಗುತ್ತಿದೆ ಎಂದು ನನಗೆ ಅರ್ಥವಾಗುವ ಮೊದಲೇ ಅವ್ವನಿಗೆ ಅರ್ಥವಾಯಿತು. ಶಾಲೆಗೆ ಹೋಗದ, ಸಹಿ ಮಾಡಲು ನನ್ನಿಂದ ಕಲಿತ ಅವ್ವ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಉಸಿರು ಕೂಡಿಸಿಕೊಂಡು, ಅಪ್ಪ ಬಾಯಿ ತೆರೆಯುವ ಮೊದಲು ಸ್ಪಷ್ಟವಾದ ತೆಲುಗಿನಲ್ಲಿ ಹೇಳಿದಳು: ದೋಬಿ ಬರುತ್ತಿದ್ದ, ಅವನು ಒಯ್ಯುತ್ತಿದ್ದ, ನಾನು ಆ ಬಟ್ಟೆ ಮುಟ್ಟುತ್ತಲೇ ಇರಲಿಲ್ಲ.

ನಮ್ಮ ಮನೆಗೆ ದೋಬಿ ಯಾವತ್ತೂ ಬಂದಿಲ್ಲ. ಕಾರ್ಖಾನೆಯ ಹಿಂದಿನ ಸಾಲುಕೋಣೆಗಳಲ್ಲಿ ನಮ್ಮದು ಕೊನೆಯದು. ಅಪ್ಪ ಸಂಜೆ ಮನೆಗೆ ಬಂದಾಗ ರೆಪ್ಪೆಯವರೆಗೂ ಬೆಳ್ಳಗಿರುತ್ತಿದ್ದ. ಬಾಗಿಲ ಹೊರಗೇ ಅಂಗಿ ಪ್ಯಾಂಟು ಬಿಚ್ಚಿಕೊಡುತ್ತಿದ್ದ. ಅವ್ವ ಅವನ್ನು ಅಲ್ಲಿಯೇ ಗೋಡೆಗೆ ಬಡಿದು ಬಡಿದು ಧೂಳು ಕೊಡವಿ, ಆಮೇಲೆ ನೀರಿಗೆ ಹಾಕುತ್ತಿದ್ದಳು. ಕೊಡವದೆ ನೆನೆಹಾಕಿದರೆ ಧೂಳು ಅಂಟಿ ಗಟ್ಟಿಯಾಗುತ್ತದಂತೆ. ಅವಳ ಸುತ್ತ ಒಂದು ಬಿಳಿ ಹೊಗೆ ಏಳುತ್ತಿತ್ತು, ಸಂಜೆಬಿಸಿಲಿನಲ್ಲಿ ಹೊಳೆಯುತ್ತಿತ್ತು. ನಾನು ಹತ್ತಿರ ಹೋದರೆ, ದೂರ ಹೋಗು, ಮೈ ಕಡಿಯುತ್ತದೆ ಎಂದು ಅಟ್ಟುತ್ತಿದ್ದಳು. ಅವಳಿಗೆ ಅದು ಮೈ ಕಡಿಯುವ ಧೂಳು, ಅಷ್ಟೇ.

ಅಪ್ಪ ಅವ್ವನ ಮುಖ ನೋಡಿದ. ಅವಳು ಅವನ ಕಡೆ ತಿರುಗಲಿಲ್ಲ. ಡಾಕ್ಟರು ಸರಿ ಎಂದು ತಲೆಯಾಡಿಸಿ, ಚುಚ್ಚಿ ಒಂದು ಚೂರು ತೆಗೆದು ಪರೀಕ್ಷೆ ಮಾಡುವ ಬಗ್ಗೆ ಹೇಳತೊಡಗಿದರು. ಮನೆಗೆ ಮೆಟ್ರೋದಲ್ಲಿ ಹೊರಟೆವು. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಾಗ ಅಪ್ಪ ಅವ್ವನ ಕೈ ಹಿಡಿದು ಎಸ್ಕಲೇಟರ್ ಹತ್ತಿಸಿದ. ಹೊರಗೆ, ಜನರ ನಡುವೆ, ಅವನು ಅವಳ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುವಾರ ನಾನು ಒಬ್ಬಳೇ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. ಚಿಕಿತ್ಸೆಗೆ ಏನಾದರೂ ವ್ಯತ್ಯಾಸ ಆಗುವುದೇ ಎಂಬ ಭಯ ನನಗೆ. ಅವರು, ವ್ಯತ್ಯಾಸವೇನಿಲ್ಲ ಎಂದರು. ನಿಮ್ಮ ತಂದೆಯ ಮುಖ ನೋಡಿದಾಗಲೇ ನನಗೆ ತಿಳಿಯಿತು ಎಂದೂ ಹೇಳಿದರು. ಪರೀಕ್ಷೆಯ ಫಲಿತಾಂಶ ಆಗಲೇ ಬಂದಿತ್ತು. ಪೊರೆಯ ಕ್ಯಾನ್ಸರು. ಮೀಸೋಥೀಲಿಯೋಮಾ ಎಂಬ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು. ಶೀಟಿನ ಸಿಮೆಂಟಿಗೆ ಬೆರೆಸುತ್ತಿದ್ದ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ಧೂಳಿನಿಂದ ಬರುವಂಥದ್ದು. ಅದರಲ್ಲಿಯೂ ಮೂಳೆ ಕಟ್ಟುವ ಅಪರೂಪದ ಬಗೆ. ಕೊಯ್ದು ತೆಗೆಯುವ ಹಂತ ದಾಟಿತ್ತು. ಔಷಧಿಯಿಂದ ಸ್ವಲ್ಪ ಸಮಯ ಸಿಗಬಹುದು, ಎಷ್ಟೆಂದು ಹೇಳಲಾಗದು. ಹೊರಡುವಾಗ ಅವರು ಒಂದು ಮಾತು ಕೇಳಿದರು. ಈ ಚಿತ್ರಗಳನ್ನು ಡಾಕ್ಟರಿಕೆ ಕಲಿಯುವ ಮಕ್ಕಳಿಗೆ ತೋರಿಸಬಹುದೇ, ಹೆಸರು ಇರುವುದಿಲ್ಲ, ಅಮ್ಮನನ್ನು ಕೇಳಿ ಹೇಳಿ.

ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ನನ್ನ ಅವ್ವನ ಎದೆ ಅಪರೂಪದ್ದಾಗಬೇಕಾಗಿರಲಿಲ್ಲ. ಎಲ್ಲರ ಎದೆಯಂತೆ, ಯಾರೂ ಎರಡು ಸಲ ನೋಡಬೇಕಾಗದ ಎದೆಯಾಗಿದ್ದರೆ ಸಾಕಿತ್ತು. ಮನೆಗೆ ಬಂದು ಹೇಳಿದಾಗ ಅವ್ವ ಯೋಚಿಸಿ, ಚಿತ್ರದಲ್ಲಿ ಮುಖ ಕಾಣುತ್ತದೋ ಎಂದು ಕೇಳಿದಳು. ಇಲ್ಲವೆಂದೆ.

"ಹಂಗಾದ್ರ ನೋಡ್ಲಿ ಬಿಡು. ಮುಂದ ಯಾರಿಗರ ಲಗೂನ ಗೊತ್ತಾದೀತು," ಎಂದಳು.

ನಂತರ ಕೀಮೋ. ಮೂರು ವಾರಕ್ಕೊಮ್ಮೆ ಗಚ್ಚಿಬೌಲಿ. ಮೊದಲೆರಡು ಸಲ ನೀರು ತುಂಬುವುದು ನಿಂತಿತು, ಅವ್ವ ಒಂದು ಸಂಜೆ ಎದ್ದು ಕೂತು ಶೇಂಗಾ ಚಟ್ನಿ ಕುಟ್ಟಿಸಿದಳು, ನಾವು ಏನೇನೋ ಆಸೆ ಕಟ್ಟಿಕೊಂಡೆವು. ಆಮೇಲೆ ತೆಗೆದ ಚಿತ್ರದಲ್ಲಿ ಆ ಪೊರೆ ಇನ್ನೂ ದಪ್ಪವಾಗಿತ್ತು. ಬಲಗಡೆಯ ಪಕ್ಕೆಲುಬುಗಳು ಒಂದಕ್ಕೊಂದು ಹತ್ತಿರ ಬಂದಿದ್ದವು. ಹೊರಗಿನಿಂದಲೂ ಕಾಣುತ್ತಿತ್ತು, ಅವಳು ಸ್ನಾನಕ್ಕೆ ಕೂತಾಗ ಬೆನ್ನಿಗೆ ನೀರು ಹಾಕುತ್ತಿದ್ದವಳು ನಾನು. ಉಸಿರಾಡಿದಾಗ ಎಡಗಡೆಯ ಬೆನ್ನು ಏಳುತ್ತಿತ್ತು, ಇಳಿಯುತ್ತಿತ್ತು. ಬಲಗಡೆ ಗೋಡೆಯ ಹಾಗೆ ನಿಂತಿತ್ತು.

ಮಾತು ಹೋಗತೊಡಗಿತು. ದನಿ ಇತ್ತು, ಗಾಳಿ ಇರಲಿಲ್ಲ. ಮೊದಲು ಕಥೆಗಳು ನಿಂತವು. ಆಮೇಲೆ ಉದ್ದದ ವಾಕ್ಯಗಳು. ಮೂರು ಶಬ್ದ ಹೇಳಿ ನಿಲ್ಲಬೇಕು, ಮತ್ತೆ ಮೂರು. ಅವಳು ತನ್ನ ಮಾತುಗಳನ್ನು ಆಯ್ದು ಆಡತೊಡಗಿದಳು, ನೀರಿಲ್ಲದ ದಿನ ಬಿಂದಿಗೆಯ ತಳದಿಂದ ನೀರು ತೆಗೆದಂತೆ. ಮನೆ ಎಷ್ಟು ಸದ್ದಿಲ್ಲದ್ದಾಯಿತೆಂದರೆ ಕೆಳಗಿನ ರಸ್ತೆಯ ಬಸ್ಸುಗಳ ಹಾರ್ನು, ಎದುರಿನ ಹಾಸ್ಟೆಲಿನ ಹುಡುಗಿಯರ ಮಾತು, ಎಲ್ಲ ಒಳಗೇ ನಡೆಯುತ್ತಿರುವಂತೆ ಕೇಳಿಸತೊಡಗಿತು. ಇಷ್ಟು ವರ್ಷ ಈ ಸದ್ದುಗಳೆಲ್ಲ ಅವ್ವನ ಮಾತಿನ ಹಿಂದೆ ಅಡಗಿದ್ದವು ಎಂದು ಆಗ ನನಗೆ ತಿಳಿಯಿತು.

ಆಗಲೇ ಅಪ್ಪ ಮಾತಾಡಲು ಶುರು ಮಾಡಿದ್ದು.

ಮೊದಲ ದಿನ ನಾನು ಅಡುಗೆಮನೆಯಲ್ಲಿದ್ದೆ. ಅಪ್ಪ ಕಾಯಿಪಲ್ಲೆ ತಂದವನು ಚೀಲವನ್ನು ನನ್ನ ಕೈಗೆ ಕೊಡದೆ ನೇರ ಅವ್ವನ ಮಂಚದ ಹತ್ತಿರ ಹೋಗಿ ಕುರ್ಚಿ ಎಳೆದುಕೊಂಡ. ಟೊಮೆಟೊ ಮಾರುವವಳಿಗೆ ಮೊಮ್ಮಗ ಹುಟ್ಟಿದ್ದಾನೆ ಎಂದ. ಅಷ್ಟು ಹೇಳಿ ಸುಮ್ಮನಾದ. ಅವ್ವ ಕಾಯ್ದಳು. ಅವನು ಗಂಟಲು ಸರಿಮಾಡಿಕೊಂಡು, ಮೊಮ್ಮಗ ಕಪ್ಪಗಿದ್ದಾನಂತೆ ಎಂದ. ಅವ್ವ ನಕ್ಕಳು, ನಗುವಿಗೆ ಉಸಿರು ಸಾಲದೆ ಕೆಮ್ಮಿದಳು. ಮಾರನೆಯ ದಿನ ಇನ್ನೊಂದಿಷ್ಟು ಹೇಳಿದ. ಅವನಿಗೆ ಕಥೆ ಹೇಳಲು ಬರುತ್ತಿರಲಿಲ್ಲ. ಕೊನೆಯನ್ನು ಮೊದಲೇ ಹೇಳಿಬಿಡುತ್ತಿದ್ದ, ಯಾರು ಯಾರಿಗೆ ಏನೆಂದರು ಎಂಬುದನ್ನು ಕಲಸುತ್ತಿದ್ದ. ಅವ್ವ ಕೈಸನ್ನೆಯಿಂದ ತಿದ್ದುತ್ತಿದ್ದಳು. ದಿನ ಕಳೆದಂತೆ ಅವನು ಇವತ್ತಿನ ಸುದ್ದಿಗಳನ್ನು ಬಿಟ್ಟು ಹಿಂದಕ್ಕೆ ಹೋದ. ಮದುವೆಗೆ ಮೊದಲು ಅವಳನ್ನು ನೋಡಲು ಹೋದಾಗ ಅವಳ ಮುಖ ನೋಡದೆ ಅವಳಕ್ಕನ ಮುಖ ನೋಡಿ ಬಂದಿದ್ದನಂತೆ. ಅಷ್ಟು ವರ್ಷ ಅದನ್ನು ಹೇಳಿರಲಿಲ್ಲ. ಕಾರ್ಖಾನೆಯ ಸುದ್ದಿಯನ್ನೂ ಹೇಳತೊಡಗಿದ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಡಬ್ಬಿ ತೆರೆದರೆ ಅವಳ ರೊಟ್ಟಿಯ ಮೇಲೆ ನಾಲ್ಕು ಜನ ಬೀಳುತ್ತಿದ್ದರಂತೆ, ಅವನಿಗೆ ಒಂದು ಉಳಿದರೆ ಹೆಚ್ಚು. ಅದು ಗೊತ್ತಿದ್ದರೆ ಇನ್ನೂ ನಾಲ್ಕು ಕಟ್ಟುತ್ತಿದ್ದೆನಲ್ಲ ಎಂದು ಅವ್ವ ಮೂರು ಮೂರು ಶಬ್ದಗಳಲ್ಲಿ ಬೈದಳು.

ಆ ದಿನಗಳಲ್ಲಿ ಅವಳ ಸೀರೆ, ದುಪ್ಪಟಿ, ವಾಂತಿಯಾದ ಟವೆಲ್, ಎಲ್ಲವನ್ನೂ ಅಪ್ಪ ತನ್ನ ಕೈಯಿಂದಲೇ ಒಗೆಯುತ್ತಿದ್ದ. ಮನೆಯಲ್ಲಿ ಮಶೀನಿದೆ. ಬೇಡವೆಂದು ಬಚ್ಚಲಲ್ಲಿ ಕೂತು ತಿಕ್ಕುತ್ತಿದ್ದ. ನಾನು ತಡೆಯಲು ಹೋದಾಗ ಅವ್ವ ಮಂಚದಿಂದಲೇ ಬಿಡು ಎಂದು ಕಣ್ಣಿನಲ್ಲಿ ಹೇಳಿದಳು.

ಒಂದು ಮಧ್ಯಾಹ್ನ ನಾನು ಕ್ಲಾಸು ಮುಗಿಸಿ ಬೇಗ ಬಂದೆ. ಬಾಗಿಲು ಮುಂದಕ್ಕೆ ಮಾಡಿತ್ತು. ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅಪ್ಪನ ದನಿ ಕೇಳಿತು. ಅದು ಕಥೆ ಹೇಳುವ ದನಿಯಾಗಿರಲಿಲ್ಲ. ನಾನು ಅಲ್ಲೇ ನಿಂತೆ.

"ನಮ್ಮ ಮನಿಗೆ ದೋಬಿ ಯಾವಾಗ ಬಂದಿದ್ದ?" ಎಂದು ಕೇಳುತ್ತಿದ್ದ.

ಅಪ್ಪನೇ ಮತ್ತೆ ಕೇಳಿದ.

"ಅವತ್ತ ಡಾಕ್ಟರ ಮುಂದ ಯಾಕ ಸುಳ್ಳ ಹೇಳಿದಿ?"

ಅವ್ವ ಉಸಿರು ಕೂಡಿಸಿಕೊಂಡಳು. ಆಮೇಲೆ ಅವಳು ತುಂಡು ತುಂಡಾಗಿ ಹೇಳಿದಳು. "ಖರೇ ಹೇಳಿದ್ರ… ನೀವು ಹೆಂಗ… ಬದುಕ್ತಿದ್ರಿ?"

ಅಪ್ಪ ಅಳಲಿಲ್ಲ. ಅತ್ತಿದ್ದರೆ ನಾನು ಒಳಗೆ ಹೋಗುತ್ತಿದ್ದೆ. ಆ ಧೂಳನ್ನು ಮನೆಗೆ ತಂದವನು ತಾನು ಎಂದ. ಕಾರ್ಖಾನೆಯಲ್ಲೇ ಜಳಕ ಮಾಡಿ ಬರಬಹುದಿತ್ತು, ನಲ್ಲಿ ಇತ್ತು, ಮನೆಗೆ ಬರುವ ಅವಸರದಲ್ಲಿ ಹಾಗೇ ಬರುತ್ತಿದ್ದೆ ಎಂದ. ಅವ್ವ ಅವನನ್ನು ಮುಂದೆ ಹೇಳಗೊಡಲಿಲ್ಲ. ಅವಳು ಆಮೇಲೆ ಆಡಿದ್ದು ಅವಳ ಕೊನೆಯ ದಿನಗಳ ಅತಿ ಉದ್ದದ ಮಾತು. ನಡುವೆ ಎಷ್ಟು ಸಲ ನಿಂತಳೋ. ನಾನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

"ನೀವು ದುಡದ್ರಿ, ನಾ ಒಗದೆ. ಇಬ್ಬರೂ ಮನಿ ಸಲುವಾಗೇ ಮಾಡಿದ್ದು. ಆ ಧೂಳಿನ್ಯಾಗ ಏನೈತಿ ಅಂತ ನಿಮಗ ಯಾರೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಹೇಳಬೇಕಾದವರು ಬ್ಯಾರೆ ಇದ್ರು. ಅವರ ಪಾಲಿಂದು ನೀವು ಹೊರಬ್ಯಾಡ್ರಿ."

ನಾನು ಸದ್ದು ಮಾಡದೆ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಕೆಳಗಿಳಿದೆ. ರಸ್ತೆಯ ಮೇಲೆ ಕೋಚಿಂಗಿನ ಮಕ್ಕಳು ಗುಂಪುಗುಂಪಾಗಿ ಹೋಗುತ್ತಿದ್ದರು. ಒಬ್ಬಳು ನನ್ನನ್ನು ಗುರುತಿಸಿ ಒಂದು ಲೆಕ್ಕ ಬಿಡಿಸಿಕೊಡಿ ಮೇಡಂ ಎಂದಳು. ಬೇಕರಿಯ ಮುಂದೆ ನಿಂತು ಅವಳ ಪುಸ್ತಕದಲ್ಲೇ ಬಿಡಿಸಿಕೊಟ್ಟೆ. ಸರಿಯಾಗಿ ಬಿಡಿಸಿದೆನೋ ಇಲ್ಲವೋ ಈಗ ನೆನಪಿಲ್ಲ.

ಅವ್ವ ಹೋದದ್ದು ಬೇಸಿಗೆಯ ಒಂದು ಬೆಳಗ್ಗೆ, ಮನೆಯಲ್ಲೇ, ಆಮ್ಲಜನಕದ ನಳಿಗೆ ಮೂಗಿನಲ್ಲಿದ್ದಾಗ. ಅಪ್ಪ ಹತ್ತಿರ ಕೂತು ಏನೋ ಹೇಳುತ್ತಿದ್ದ. ಕೂಲರಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವನು ಮಾತು ನಿಲ್ಲಿಸಿ ನನ್ನನ್ನು ಕರೆದ. ನಾನು ಬರುವಷ್ಟರಲ್ಲಿ ಅವಳ ಎಡಗಡೆಯೂ ನಿಂತಿತ್ತು. ಅವಳ ಬಾಯಿ ಸ್ವಲ್ಪ ತೆರೆದಿತ್ತು, ಮಾತಿಗೆ ಮೊದಲು ತೆರೆಯುತ್ತಿದ್ದ ಹಾಗೆ. ನಾನು ಅದನ್ನು ಮುಚ್ಚಲು ಹೋಗಲಿಲ್ಲ. ಕೆಳಗಿನ ಮನೆಯ ಹೆಂಗಸು ಬಂದು ಮುಚ್ಚಿದಳು.

ದಿನಕರ್ಮಗಳು ಮುಗಿದು ಬಂದವರೆಲ್ಲ ಕಾಚಿಗೂಡದಿಂದ ರೈಲು ಹತ್ತಿ ಊರಿಗೆ ಹೋದ ಮೇಲೆ ಅಪ್ಪ ಒಂದೇ ಮಾತು ಹಿಡಿದ. ತನ್ನ ಎದೆಯ ಫೋಟೋ ತೆಗೆಸಬೇಕು. ಡಾಕ್ಟರು ಮೊದಲೇ ಹೇಳಿದ್ದರು, ನೀವಿಬ್ಬರೂ ಒಮ್ಮೆ ನೋಡಿಸಿಕೊಳ್ಳಿ, ಆ ಮನೆಯಲ್ಲಿ ಇದ್ದವರಲ್ಲವೇ ಎಂದು. ಅವ್ವ ಇದ್ದಾಗ ಎಷ್ಟು ಹೇಳಿದರೂ ಅಪ್ಪ ಒಪ್ಪಿರಲಿಲ್ಲ. ಈಗ ದಿನಾ ಕೇಳತೊಡಗಿದ. ಅವನಿಗೆ ಹೆದರಿಕೆಯಾಗಿದೆ ಎಂದುಕೊಂಡು ನಾನು ಒಂದು ದಿನ ರಜೆ ಹಾಕಿ ಕರೆದುಕೊಂಡು ಹೋದೆ. ಅಪ್ಪ ಬೆಳಗ್ಗೆಯೇ ಎದ್ದು ಗಡ್ಡ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಸಿದ್ಧನಾಗಿದ್ದ.

ಇಬ್ಬರಿಗೂ ಸ್ಕ್ಯಾನ್ ಆಯಿತು. ಅದೇ ಡಾಕ್ಟರು ಒಳಗೆ ಕರೆದರು. ಈ ಸಲ ನಗುತ್ತಿದ್ದರು. ನನ್ನ ಎದೆಯಲ್ಲಿ ಏನೂ ಇರಲಿಲ್ಲ. ವರ್ಷಕ್ಕೊಮ್ಮೆ ಬಂದು ಹೋಗಿ ಎಂದರು. ಅಪ್ಪನದನ್ನು ತೆರೆದು ತೋರಿಸಿದರು. ಎಡಗಡೆ ಕೆಳಗೆ ಒಂದು ಸಣ್ಣ ಬಿಳಿ ಗೆರೆ, ಕತ್ತರಿಸಿದ ಉಗುರಿನಷ್ಟು. ಹಳೆಯ ಗುರುತು, ಏನೂ ಮಾಡುವುದಿಲ್ಲ ಎಂದರು. ಉಳಿದದ್ದೆಲ್ಲ ಸ್ವಚ್ಛ. ಈ ವಯಸ್ಸಿಗೆ ಇಷ್ಟು ಒಳ್ಳೆಯ ಶ್ವಾಸಕೋಶ ಅಪರೂಪ ಎಂದರು.

ಅಪ್ಪ ಪರದೆಯ ಹತ್ತಿರ ಬಾಗಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇನ್ನೊಮ್ಮೆ ನೋಡ್ರಿ ಮೇಡಂ," ಎಂದ. ತೆಲುಗು ಮರೆತು ಕನ್ನಡದಲ್ಲೇ. "ಆ ಧೂಳಿನ್ಯಾಗ ನಿಂತಾಂವ ನಾನ್ರಿ. ಹದಿನೈದು ವರ್ಷ ನಿಂತೀನಿ. ಆಕಿ ಸಂಜಿ ಮುಂದ ಒಂದೀಟ ಝಾಡಿಸ್ತಿದ್ಲು, ಅಷ್ಟ."

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಕಡೆ ನೋಡಿದರು. ನಾನು ತೆಲುಗಿಗೆ ತಿರುಗಿಸಿ ಹೇಳಿದೆ. ಅವರ ನಗು ಹೋಯಿತು. ಅಪ್ಪ ಯಾಕೆ ಅಷ್ಟು ಆತುರದಿಂದ ಬಂದಿದ್ದ ಎಂಬುದು ಆ ಕ್ಷಣ ಅವರಿಗೂ ತಿಳಿಯಿತು, ನನಗೂ ತಿಳಿಯಿತು. ಅವನು ಹೆದರಿ ಬಂದಿರಲಿಲ್ಲ. ತನ್ನ ಪಾಲು ಹುಡುಕಿಕೊಂಡು ಬಂದಿದ್ದ.

ಅವರು ಬಹಳ ಹೊತ್ತು ವಿವರಿಸಿದರು. ಒಂದೇ ಧೂಳನ್ನು ಇಬ್ಬರು ಕುಡಿದರೆ ಅದು ಒಬ್ಬರಲ್ಲಿ ಸುಮ್ಮನಿರುತ್ತದೆ, ಇನ್ನೊಬ್ಬರಲ್ಲಿ ಎದ್ದುನಿಲ್ಲುತ್ತದೆ. ಹೀಗೇ ಏಕೆ ಎಂದು ಯಾರೂ ಖಚಿತವಾಗಿ ಹೇಳಲಾರರು. ನಿಮಗೆ ಬರದಿರುವುದು ನಿಮ್ಮ ತಪ್ಪಲ್ಲ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಲು ಹೋದೆ. ಅಪ್ಪ ಅರ್ಥವಾಯಿತು ಎನ್ನುವಂತೆ ಕೈಯೆತ್ತಿ ಕೈಮುಗಿದು ಹೊರಗೆ ಬಂದ.

ಮೆಟ್ರೋದಲ್ಲಿ ಜನ ಬಹಳವಿದ್ದರು. ಒಬ್ಬ ಹುಡುಗಿ ಎದ್ದು ಅಪ್ಪನಿಗೆ ಜಾಗ ಕೊಟ್ಟಳು. ಅವನು ಕೂತ. ಕೂತವನು ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ತಲೆ ತಗ್ಗಿಸಿ, ಎಲ್ಲರ ಎದುರಿಗೆ ಅತ್ತ. ಅವ್ವ ಹೋದಾಗ ಅವನು ಹಾಗೆ ಅತ್ತಿರಲಿಲ್ಲ. ಕಿವಿಗೆ ಇಯರ್‌ಫೋನು ಹಾಕಿಕೊಂಡ ಮಕ್ಕಳು ಬೇರೆ ಕಡೆ ನೋಡಿದರು. ಬುರ್ಖಾ ಹಾಕಿದ ಒಬ್ಬ ಮುದುಕಿ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು, ಏನಾಯಿತು ಎಂದು ಕೇಳಲಿಲ್ಲ. ನಾನು ಅಪ್ಪನ ಮುಂದೆ ಕಂಬ ಹಿಡಿದು ನಿಂತೆ, ಜನರ ಕಣ್ಣಿಗೆ ಮರೆಯಾಗಲಿ ಎಂದು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಇದಾಗಿ ಕೆಲವು ವರ್ಷಗಳಾದವು. ಅಪ್ಪ ಚೆನ್ನಾಗಿದ್ದಾನೆ. ಎರಡು ಅಂತಸ್ತು ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುತ್ತಾನೆ. ಹತ್ತಿ ಬಂದಾಗಲೆಲ್ಲ ಅದಕ್ಕೆ ನಾಚಿದವನ ಹಾಗೆ ಮೆಲ್ಲಗೆ ಒಳಗೆ ಬರುತ್ತಾನೆ. ಮತ್ತೆ ಒಮ್ಮೆಯೂ ಆಸ್ಪತ್ರೆಗೆ ಬರಲಿಲ್ಲ. ಕರೆದರೆ, ಅಲ್ಲಿ ನೋಡುವುದೇನಿದೆ ಎನ್ನುತ್ತಾನೆ.

ನಾನು ವರ್ಷಕ್ಕೊಮ್ಮೆ ಹೋಗುತ್ತೇನೆ. ಅಂದು ಕ್ಲಾಸು ತಡವಾಗುತ್ತದೆ ಎಂದು ಅಪ್ಪನಿಗೆ ಹೇಳಿ ಹೊರಡುತ್ತೇನೆ. ಮಶೀನಿನ ಒಳಗೆ ಮಲಗಿದಾಗ ಉಸಿರು ಹಿಡಿಯಿರಿ ಎಂದು ಒಂದು ದನಿ ಹೇಳುತ್ತದೆ, ಹಿಡಿಯುತ್ತೇನೆ. ಬಿಡಿ ಎನ್ನುತ್ತದೆ, ಬಿಡುತ್ತೇನೆ. ಈ ವರ್ಷವೂ ಏನೂ ಇಲ್ಲ ಎಂದರು. ಬರುವಾಗ ಅಪ್ಪನಿಗೆ ಜಾಮೂನು ಕಟ್ಟಿಸಿಕೊಂಡು ಬಂದೆ. ಯಾಕೆಂದು ಅವನು ಕೇಳಲಿಲ್ಲ. ಒಂದು ತಿಂದು, ಇನ್ನೊಂದನ್ನು ನನಗೆ ಎತ್ತಿಟ್ಟ.